ಫೆಮಿನಿಸಂ ಬಗ್ಗೆ ವಾದಕ್ಕೆ ಕೂರುವ ಮುಂಚೆ

ಫೆಮಿನಿಸಂ ಅಂತ ಮಾತು ಶುರುವಾದರೆ ಹತ್ತು ನಿಮಿಷದಲ್ಲಿ ದನಿ ಏರುತ್ತದೆ. ಯಾಕಂದ್ರೆ ಒಬ್ಬರು ಕಾನೂನಿನ ಬಗ್ಗೆ ಹೇಳುತ್ತಿರುತ್ತಾರೆ, ಇನ್ನೊಬ್ಬರು ಮನೆಗೆಲಸದ ಬಗ್ಗೆ, ಮತ್ತೊಬ್ಬರು ಯಾವತ್ತೋ ಯಾರೋ ಆಡಿದ ಮಾತಿಗೆ ಇವತ್ತು ಉತ್ತರ ಕೊಡುತ್ತಿರುತ್ತಾರೆ. ಮೂರು ಬೇರೆ ಬೇರೆ ವಿಷಯ, ಆದರೆ ಎಲ್ಲರೂ ಒಂದೇ ವಿಷಯ ಮಾತಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಈ ವಾದ ನಡೆಯಲೇಬೇಕು ಅನ್ನುವವರಲ್ಲಿ ನಾನೂ ಒಬ್ಬಳು. ಅದಕ್ಕೇ ಅದು ಸುಮ್ನೆ ಕೂಗಾಟವಾಗಿ ಮುಗಿದರೆ ಬೇಜಾರಾಗುತ್ತದೆ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ. "ಹೆಣ್ಣು ಗಂಡು ಸಮಾನರಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. ಬದಲಿಗೆ ಹೀಗೆ ಕೇಳಿ: ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಮಗುವಿಗೆ ಜ್ವರ ಬಂತು, ಬೆಳಿಗ್ಗೆ ರಜೆ ಹಾಕುವವರು ಯಾರು? ಅದನ್ನು ಯಾರು ತೀರ್ಮಾನ ಮಾಡಿದರು, ಅಥವಾ ಯಾರೂ ಮಾತೇ ಆಡದೆ ತೀರ್ಮಾನ ಆಗಿಹೋಯಿತಾ? ಆ ರಜೆಯ ಬೆಲೆ ಮುಂದೆ ಬಡ್ತಿ ಬರುವ ಹೊತ್ತಿಗೆ ಯಾರು ತೆರುತ್ತಾರೆ? ಈಗ ಮಾತಾಡುವುದಕ್ಕೆ ಏನೋ ಸಿಕ್ಕಿತು.

ಆಮೇಲೆ ಸಮಾನತೆ ಅಂದರೆ ನಿಮ್ಮಿಬ್ಬರಿಗೂ ಏನು ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಇಬ್ಬರಿಗೂ ಒಂದೇ ನಿಯಮ ಇರಬೇಕು ಅನ್ನುವುದು ಒಂದು. ಆ ನಿಯಮವನ್ನು ಬಳಸಿಕೊಳ್ಳುವ ಅವಕಾಶ ಇಬ್ಬರಿಗೂ ನಿಜವಾಗಿ ಇರಬೇಕು ಅನ್ನುವುದು ಇನ್ನೊಂದು. ಹೊರೆಯೂ ಹಂಚಿಕೆ ಆಗಬೇಕು ಅನ್ನುವುದು ಮಗದೊಂದು. ಸ್ವೀಡನ್ 1974ರಲ್ಲೇ ಮಗು ನೋಡಿಕೊಳ್ಳುವ ರಜೆಯನ್ನು ಅಪ್ಪ ಅಮ್ಮ ಇಬ್ಬರಿಗೂ ತೆರೆದಿಟ್ಟಿತು. ನಿಯಮ ಸಮಾನ. ಆದರೆ ವರ್ಷಗಟ್ಟಲೆ ಆ ರಜೆಯನ್ನು ಹೆಚ್ಚೂಕಡಿಮೆ ಅಮ್ಮಂದಿರೇ ಹಾಕಿದರು. ನಾರ್ವೆ 1993ರಲ್ಲಿ ನಾಲ್ಕು ವಾರಗಳನ್ನು ಅಪ್ಪನಿಗೇ ಅಂತ ಎತ್ತಿಟ್ಟಿತು, ಅವನು ತೆಗೆದುಕೊಳ್ಳದಿದ್ದರೆ ಆ ರಜೆ ಹೋಯಿತು ಅಷ್ಟೇ. ಅಲ್ಲಿಯವರೆಗೆ ರಜೆ ಹಾಕುವ ಅಪ್ಪಂದಿರು ತೀರಾ ಕಡಿಮೆ, ಕೆಲವೇ ವರ್ಷಗಳಲ್ಲಿ ಬಹುಪಾಲು ಅಪ್ಪಂದಿರು ಹಾಕತೊಡಗಿದರು. ಹಾಗಾದರೆ ಮೊದಲೂ ಅವರಿಗೆ ಮಗು ಬೇಡವಾಗಿರಲಿಲ್ಲ, ಆಫೀಸಿನಲ್ಲಿ ರಜೆ ಕೇಳುವ ಧೈರ್ಯ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ. "ಕಾನೂನು ಸಮ ಇದೆ, ಇನ್ನೇನು ಬೇಕು?" ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಈ ಕತೆಯನ್ನೇ.

"ಅದೆಲ್ಲಾ ಹಳೇ ಕಾಲ" ಅನ್ನುವವರೂ ಸಿಗುತ್ತಾರೆ. ನ್ಯೂಜಿಲೆಂಡ್ 1893ರಲ್ಲಿ ಹೆಂಗಸರಿಗೆ ಮತ ಹಾಕುವ ಹಕ್ಕು ಕೊಟ್ಟಿತು, ಸ್ವಿಟ್ಜರ್ಲೆಂಡ್ ದೇಶಮಟ್ಟದಲ್ಲಿ ಕೊಟ್ಟಿದ್ದು 1971ರಲ್ಲಿ. ಆ ದೇಶದ್ದೇ ಅಪೆನ್‌ಜೆಲ್ ಇನ್ನರ್‌ರೋಡನ್ ಪ್ರಾಂತದಲ್ಲಿ 1990ರ ಏಪ್ರಿಲ್‌ನಲ್ಲೂ ಗಂಡಸರು ಸೇರಿ ಬೇಡ ಅಂದರು, ಕೊನೆಗೆ ಅದೇ ವರ್ಷ ನ್ಯಾಯಾಲಯ ಕೊಡಿಸಬೇಕಾಯಿತು. ಆವತ್ತು ಬೇಡ ಅಂತ ಕೈ ಎತ್ತಿದವರಲ್ಲಿ ಎಷ್ಟೋ ಜನ ಇನ್ನೂ ಬದುಕಿರಬಹುದು.

ಸಂಬಳದ ವಿಷಯಕ್ಕೆ ಬಂದರೆ ಎರಡೂ ಕಡೆಯವರು ಎಚ್ಚರವಾಗಿರಬೇಕು, ಇಲ್ಲಿ ಎಡವುವುದು ಜಾಸ್ತಿ. ಎಲ್ಲಾ ಗಂಡಸರ ಸರಾಸರಿ ಗಳಿಕೆ, ಎಲ್ಲಾ ಹೆಂಗಸರ ಸರಾಸರಿ ಗಳಿಕೆ, ಇವೆರಡರ ನಡುವಿನ ಅಂತರವನ್ನು ತೋರಿಸಿ "ಒಂದೇ ಕೆಲಸಕ್ಕೆ ಇಷ್ಟು ಕಡಿಮೆ ಕೊಡುತ್ತಾರೆ" ಅಂದರೆ ಅದು ತಪ್ಪು ಲೆಕ್ಕ. ಎದುರಿನವರು ಅದನ್ನು ಹಿಡಿದು ನಿಮ್ಮ ಇಡೀ ಮಾತನ್ನೇ ತಳ್ಳಿಹಾಕುತ್ತಾರೆ. ಹಾಗಂತ ಆ ಅಂತರ ಸುಳ್ಳೂ ಅಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದು ಇದನ್ನೇ: ಮುಂದುವರಿದ ದೇಶಗಳಲ್ಲಿ ಈಗ ಈ ಅಂತರದ ದೊಡ್ಡ ಪಾಲು ಒಂದೇ ವೃತ್ತಿಯಲ್ಲಿರುವವರ ನಡುವೆಯೇ ಇದೆ, ಮತ್ತು ಅದು ದೊಡ್ಡದಾಗುವುದು ಮೊದಲ ಮಗು ಹುಟ್ಟಿದ ಮೇಲೆ. "ಅದು ಅವಳ ಆಯ್ಕೆ ತಾನೆ?" ಅಂತ ಪ್ರಶ್ನೆ ಬಂದೇ ಬರುತ್ತದೆ. ಬರಲಿ. ಆಗ ಜ್ವರ ಬಂದ ಮಗುವಿನ ಪ್ರಶ್ನೆಗೇ ವಾಪಸ್ ಹೋಗಿ. ಮನೆಯಲ್ಲಿ ಇನ್ನೊಬ್ಬರು ಜವಾಬ್ದಾರಿ ಹೊತ್ತುಕೊಳ್ಳದೇ ಇದ್ದಾಗ, ಉಳಿದವರು ಮಾಡುವುದನ್ನು ಪೂರ್ತಿ ಆಯ್ಕೆ ಅನ್ನುವುದಕ್ಕೆ ಆಗುತ್ತದಾ?

"ಗಂಡಸರ ಕಷ್ಟ ಯಾರೂ ಕೇಳಲ್ಲ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಗಬೇಡಿ, ವಿಷಯ ಬದಲಿಸುತ್ತಿದ್ದಾರೆ ಅಂತ ಮುಖ ತಿರುಗಿಸಬೇಡಿ. ಜಗತ್ತಿನಲ್ಲಿ ಗಂಡಸರ ಆತ್ಮಹತ್ಯೆಯ ಪ್ರಮಾಣ ಹೆಂಗಸರದ್ದರ ಎರಡು ಪಟ್ಟಿಗಿಂತ ಹೆಚ್ಚಿದೆ. ಅಳಬಾರದು, ಸೋಲಬಾರದು, ದುಡಿಯುತ್ತಲೇ ಇರಬೇಕು ಅಂತ ಹುಡುಗರನ್ನು ಬೆಳೆಸುವುದೂ ಲಿಂಗದ ಹೆಸರಿನಲ್ಲೇ ಅಲ್ವಾ? ಆ ಕಷ್ಟವನ್ನು ಒಪ್ಪಿಕೊಂಡ ಮೇಲೆ, ಹೆಂಗಸರ ಕಷ್ಟಕ್ಕೆ ಅದು ಉತ್ತರ ಅಲ್ಲ ಅಂತ ಹೇಳುವುದು ಸುಲಭ. ಒಪ್ಪಿಕೊಳ್ಳದೆ ಹೇಳಿದರೆ ಅವರು ಕೇಳಿಸಿಕೊಳ್ಳುವುದೇ ಇಲ್ಲ.

ಪ್ರಕೃತಿಯ ವಾದವೂ ಬರುತ್ತದೆ. ಹೆರುವುದು, ಹಾಲೂಡುವುದು ಹೆಣ್ಣಿನ ದೇಹಕ್ಕೇ ಸೇರಿದ್ದು, ಒಪ್ಪಿ. ಮುಂದಿನ ಲಸಿಕೆ ಯಾವಾಗ ಅಂತ ನೆನಪಿಡುವುದಕ್ಕೆ ಗರ್ಭಕೋಶ ಬೇಕಾಗಿಲ್ಲ.

ಮಾತಾಡುವ ರೀತಿಯ ಬಗ್ಗೆ ಎರಡು ಮಾತು. ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, "ಹೌದು, ನಾನು ಹೇಳಿದ್ದು ಅದೇ" ಅಂತ ಅವರ ಬಾಯಲ್ಲಿ ಬರುವವರೆಗೂ ನಿಮ್ಮ ಸರದಿ ಬಂದಿಲ್ಲ ಅಂದುಕೊಳ್ಳಿ. "ಗಂಡಸರೆಲ್ಲಾ ಹೀಗೇ" ಅನ್ನಬೇಡಿ, "ಹೆಂಗಸರೆಲ್ಲಾ ಹೀಗೇ" ಅಂತಲೂ ಬೇಡ. ಆದರೆ ಯಾರಾದರೂ ತಮ್ಮ ಮೇಲೆ ಆದ ಹಿಂಸೆಯನ್ನು ಹೇಳಿಕೊಂಡರೆ ವಾದ ಅಲ್ಲಿಗೇ ನಿಲ್ಲಿಸಿ. ಅವರು ಸಾಕ್ಷಿ ಹೇಳುವುದಕ್ಕೆ ಬಂದವರಲ್ಲ, ಅವರ ಮಾತು ಪೂರ್ತಿ ಕೇಳಿ. ಎದುರಿನವರು ಬರೀ ಗೇಲಿ ಮಾಡುತ್ತಿದ್ದರೆ ಎದ್ದುಬನ್ನಿ, ಪ್ರತಿಯೊಬ್ಬರಿಗೂ ತಿಳಿಹೇಳುವ ಹೊಣೆ ನಿಮ್ಮದಲ್ಲ.

ಈಗ ಹೇಳಿದ್ದನ್ನು ಮನೆಯಲ್ಲಿ ನಡೆಸಿ ತೋರಿಸುವ ವಿಷಯ. ಕೂಲಿ ಸಂಬಳ ಇಲ್ಲದ ಆರೈಕೆಯ ಕೆಲಸದಲ್ಲಿ ಜಗತ್ತಿನಾದ್ಯಂತ ಮುಕ್ಕಾಲು ಪಾಲು ಹೊತ್ತು ಹೆಂಗಸರದ್ದೇ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿ ಹೇಳುತ್ತದೆ. ಐಸ್‌ಲ್ಯಾಂಡಿನಲ್ಲಿ 1975ರ ಅಕ್ಟೋಬರ್ 24ರಂದು ಸುಮಾರು 90 ಶೇಕಡಾ ಹೆಂಗಸರು ಆಫೀಸು, ಫ್ಯಾಕ್ಟರಿ, ಮನೆ ಎಲ್ಲಾ ಕಡೆ ಕೆಲಸ ಬಿಟ್ಟು ಹೊರಗೆ ಬಂದಾಗ ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದರು. ಎಷ್ಟು ಕೆಲಸ ಕಣ್ಣಿಗೆ ಬೀಳದೆ ನಡೆಯುತ್ತಿತ್ತು ಅಂತ ಒಂದೇ ದಿನದಲ್ಲಿ ಗೊತ್ತಾಯಿತು.

ನಿಮ್ಮ ಮನೆಯಲ್ಲಿ ಅದನ್ನು ನೋಡಬೇಕಾದರೆ ಒಂದು ವಾರದ ಕೆಲಸ ಎಲ್ಲವನ್ನೂ ಇಬ್ಬರೂ ಸೇರಿ ಬರೆಯಿರಿ. ಮಾಡುವ ಕೆಲಸ ಮಾತ್ರ ಅಲ್ಲ, ನೆನಪಿಡುವ ಕೆಲಸವನ್ನೂ ಬರೆಯಿರಿ. ಲಸಿಕೆಯನ್ನೇ ತೆಗೆದುಕೊಳ್ಳಿ. ತಾರೀಕು ನೆನಪಿರಬೇಕು, ಡಾಕ್ಟರ ಸಮಯ ಕೇಳಬೇಕು, ಕಾರ್ಡು ಹುಡುಕಬೇಕು, ಆಫೀಸಿನಲ್ಲಿ ಹೇಳಬೇಕು, ಆ ರಾತ್ರಿ ಮಗು ಅತ್ತರೆ ಎದ್ದು ಕೂರಬೇಕು. ಕಾರು ಓಡಿಸಿದವರು "ನಾನೇ ಕರೆದುಕೊಂಡು ಹೋದೆ" ಅಂತಾರೆ, ನಿಜವೇ, ಆದರೆ ಉಳಿದ ಐದೂ ಬೇರೆಯವರ ತಲೆಯ ಮೇಲಿತ್ತು.

ಹಂಚಿಕೊಳ್ಳುವಾಗ ತುಂಡು ತುಂಡಾಗಿ ಹಂಚಬೇಡಿ, ಇಡೀ ಕೆಲಸವನ್ನೇ ಒಬ್ಬರಿಗೆ ಬಿಡಿ. ಲಸಿಕೆ ಇನ್ನು ಅವನದ್ದು ಅಂದರೆ ನೆನಪು ಮಾಡುವುದೂ ಅವನದ್ದೇ. ಮೊದಲ ಸಲ ತಡ ಆಗಬಹುದು, ಕಾರ್ಡು ಸಿಗದೆ ಪರದಾಡಬಹುದು. ಆಗ "ಕೊಡು ಇಲ್ಲಿ, ನಾನೇ ಮಾಡ್ತೀನಿ" ಅನ್ನಬೇಡಿ. ಮಗುವಿಗೆ ಅಪಾಯ ಇಲ್ಲ ಅಂದಮೇಲೆ ಒಂದು ವಾರ ತಡವಾದರೂ ಅವನೇ ಡಾಕ್ಟರಿಗೆ ಫೋನ್ ಮಾಡಿ ಇನ್ನೊಂದು ದಿನ ಕೇಳಲಿ.