ವೈದ್ಯಕೀಯ ಪದಗಳನ್ನು ಉರು ಹೊಡೆಯಬೇಡಿ, ಬಿಡಿಸಿ ಓದಿ

ಮೆಡಿಕಲ್ ಟರ್ಮಿನಾಲಜಿ ಕ್ಲಾಸಿನ ಮೊದಲ ಟೆಸ್ಟ್ ಮುಗಿದ ಮೇಲೆ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಎಡಗಡೆ ಪದ, ಬಲಗಡೆ ಅರ್ಥ, ನಡುವೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. 'ನೆಫ್ರೈಟಿಸ್' ಅಂದರೆ ಮೂತ್ರಪಿಂಡದ ಉರಿಯೂತ ಎಂದು ಬರೆದಿದ್ದಳು. ಎರಡು ಪುಟ ಬಿಟ್ಟು 'ಅಪೆಂಡೆಕ್ಟಮಿ', ಅಂದರೆ ಅಪೆಂಡಿಕ್ಸ್ ತೆಗೆದುಹಾಕುವುದು. ಟೆಸ್ಟಿನಲ್ಲಿ ಬಂದಿದ್ದು 'ನೆಫ್ರೆಕ್ಟಮಿ'. ಅಲ್ಲಿ ಖಾಲಿ ಬಿಟ್ಟಿದ್ದಳು. "ಇದು ನನ್ನ ಲಿಸ್ಟಲ್ಲಿ ಇರಲಿಲ್ಲ ಮೇಡಂ" ಅಂದಳು.

ಇತ್ತಲ್ವಾ? ಅರ್ಧ ಒಂದು ಪುಟದಲ್ಲಿ, ಇನ್ನರ್ಧ ಮತ್ತೊಂದು ಪುಟದಲ್ಲಿ.

ಪ್ರತಿ ಬ್ಯಾಚಿನಲ್ಲೂ ಇದೇ ಕತೆ. ಮಕ್ಕಳು ಓದುವುದಿಲ್ಲ ಅಂತಲ್ಲ, ಜಾಸ್ತಿಯೇ ಓದುತ್ತಾರೆ. ಆದರೆ ಇಡೀ ಪದವನ್ನು ಒಂದು ಉಂಡೆ ಮಾಡಿ ನುಂಗಲು ನೋಡುತ್ತಾರೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವೇ ಇಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು, 1885ರಲ್ಲಿ ಪ್ರಕಟಿಸಿದ. ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಸೋರಿಹೋಗಿತ್ತು. ಬಿಡಿಸದೆ ಕಲಿತ ವೈದ್ಯಕೀಯ ಪದವೂ ಅಂಥದ್ದೇ, ಅರ್ಥವಿಲ್ಲದ ಉಚ್ಚಾರ.

ಮೊದಲು: ಏನನ್ನೂ ಕೊಳ್ಳಬೇಡಿ

ಪಠ್ಯಪುಸ್ತಕ, ಖಾಲಿ ಕಾರ್ಡುಗಳ ಒಂದು ಕಟ್ಟು, ಪೆನ್ಸಿಲ್. ಇಷ್ಟು ಸಾಕು.

ಗೋಡೆಗೆ ಅಂಟಿಸುವ 'ಸಾವಿರ ಪದಗಳ ಚಾರ್ಟ್' ಮೂರನೇ ದಿನಕ್ಕೆ ಬರೀ ಗೋಡೆಯ ಅಲಂಕಾರ ಆಗುತ್ತದೆ. ರೆಡಿಮೇಡ್ ಫ್ಲ್ಯಾಶ್ ಕಾರ್ಡುಗಳೂ ನನಗೆ ಆಗಿಬರುವುದಿಲ್ಲ. ಕಾರ್ಡ್ ಬರೆಯುವಾಗಲೇ ಅರ್ಧ ಕಲಿಕೆ ಆಗುತ್ತದೆ, ಆ ಅರ್ಧವನ್ನು ಬೇರೆ ಯಾರೋ ಮಾಡಿ ಮುಗಿಸಿರುತ್ತಾರೆ. ಆ್ಯಪ್ ಬೇಕೇ ಬೇಕು ಅಂದರೆ ಕಾರ್ಡುಗಳನ್ನು ನೀವೇ ಟೈಪ್ ಮಾಡಿ. ಆಟೋಕರೆಕ್ಟ್ ಆಫ್ ಮಾಡಿಡಿ. ಅದು 'ಇಲಿಯಮ್' ಅನ್ನು ಏನೇನೋ ಮಾಡಿಬಿಡುತ್ತದೆ.

ಬಾಲದಿಂದ ಶುರು ಮಾಡಿ

ಪುಸ್ತಕಗಳು ಸಾಮಾನ್ಯವಾಗಿ ದೇಹದ ಒಂದೊಂದೇ ಭಾಗ ಹಿಡಿದು ಸಾಗುತ್ತವೆ. ನೀವು ಮೊದಲ ವಾರ ಪದದ ಕೊನೆಯ ತುಂಡುಗಳನ್ನಷ್ಟೇ ಕಲಿಯಿರಿ. ಸಫಿಕ್ಸ್ ಅನ್ನುತ್ತಾರಲ್ಲ, ಅವು. ಇಪ್ಪತ್ತು ಸಾಕು. 'ಐಟಿಸ್' ಬಂದರೆ ಉರಿಯೂತ. 'ಆಲ್ಜಿಯಾ' ನೋವು. 'ಮೆಗಲಿ' ಅಂದರೆ ಊದಿ ದೊಡ್ಡದಾಗಿದೆ. 'ಪೀನಿಯಾ' ಕೊರತೆ. 'ಈಮಿಯಾ' ರಕ್ತದ ಸ್ಥಿತಿ, 'ಯೂರಿಯಾ' ಮೂತ್ರದ್ದು. 'ಸ್ಕೋಪಿ' ಒಳಗೆ ಇಣುಕಿ ನೋಡುವುದು. 'ಪ್ಲಾಸ್ಟಿ' ರಿಪೇರಿ. 'ಓಮಾ' ಸಾಮಾನ್ಯವಾಗಿ ಗಡ್ಡೆ. ಆದರೆ ಹೆಮಟೋಮಾ ಗಡ್ಡೆಯಲ್ಲ, ಹೊರಗೆ ಸೋರಿ ಒಂದೆಡೆ ನಿಂತ ರಕ್ತ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಲ್ಲೂ ಗಡ್ಡೆ ಇಲ್ಲ.

ಬಾಲವೇ ಮೊದಲು ಯಾಕೆ? ಇದು ಕಾಯಿಲೆಯೋ, ಪರೀಕ್ಷೆಯೋ, ಆಪರೇಷನ್ನೋ ಎಂದು ಹೇಳುವುದೇ ಅದು. ಅಂಗದ ಹೆಸರು ಮರೆತರೂ ಅರ್ಧ ಉತ್ತರ ಕೈಯಲ್ಲಿರುತ್ತದೆ.

ಈಗ ಬಿಡಿಸುವುದು. ಇಲ್ಲಿ ನಿಧಾನ

ಬಹುತೇಕ ಎಲ್ಲರೂ ಎಡವುವುದು ಇಲ್ಲೇ. ಪೆನ್ಸಿಲ್ ತೆಗೆದುಕೊಳ್ಳಿ. ಪದ ಬರೆದು, ತುಂಡುಗಳ ನಡುವೆ ಓರೆಗೆರೆ ಹಾಕಿ. ಮನಸ್ಸಿನಲ್ಲೇ ಮಾಡುತ್ತೇನೆ ಅನ್ನಬೇಡಿ. ಮೊದಲ ತಿಂಗಳು ಕಾಗದದ ಮೇಲೇ ಆಗಬೇಕು.

'ಪೆರಿಕಾರ್ಡೈಟಿಸ್' ತೆಗೆದುಕೊಳ್ಳೋಣ. ಪೆರಿ / ಕಾರ್ಡಿ / ಐಟಿಸ್. ಓದುವ ಕ್ರಮ ಹೀಗೆ: ಮೊದಲು ಬಾಲ, ಆಮೇಲೆ ತಲೆ, ಕೊನೆಗೆ ಹೊಟ್ಟೆ. ಉರಿಯೂತ, ಸುತ್ತಲೂ, ಹೃದಯ. ಹೃದಯದ ಸುತ್ತಲಿನ ಪೊರೆಯ ಉರಿಯೂತ. ಎಡದಿಂದ ಬಲಕ್ಕೆ ಓದಲು ಹೋದರೆ "ಸುತ್ತ ಹೃದಯ ಉರಿ" ಎಂದು ತಲೆ ಸುತ್ತುತ್ತದೆ.

ತೊಂದರೆ ಕೊಡುವುದು ನಡುವೆ ಬಂದು ಹೋಗುವ ಒಂದು ಸ್ವರ. ಹೆಚ್ಚಾಗಿ ಅದು 'ಓ'. 'ಗ್ಯಾಸ್ಟ್ರ್' ಅಂದರೆ ಜಠರ. ಆ 'ಓ' ಗ್ಯಾಸ್ಟ್ರೋಸ್ಕೋಪಿಯಲ್ಲಿ ಇದೆ, ಗ್ಯಾಸ್ಟ್ರೈಟಿಸ್‌ನಲ್ಲಿ ಇಲ್ಲ. ಯಾಕೆ ಎಂದು ಕೇಳಿದರೆ ಕ್ಲಾಸಿನಲ್ಲಿ ಎಲ್ಲರೂ ಮೇಲೆ ನೋಡುತ್ತಾರೆ. ಆದರೆ ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದ್ದರೆ ಈ ನಿಯಮ ನಿಮಗೆ ಆಗಲೇ ಗೊತ್ತು. ಮಾತು + ಇಲ್ಲ = ಮಾತಿಲ್ಲ. 'ಉ' ಬಿದ್ದುಹೋಯಿತು. ಲೋಪಸಂಧಿ. ಗ್ಯಾಸ್ಟ್ರೋ + ಐಟಿಸ್ = ಗ್ಯಾಸ್ಟ್ರೈಟಿಸ್. 'ಓ' ಬಿದ್ದುಹೋಯಿತು. ಸ್ವರದಿಂದ ಶುರುವಾಗುವ ಸಫಿಕ್ಸ್ ಬಂದರೆ 'ಓ' ಬೀಳುತ್ತದೆ. 'ಸ್ಕೋಪಿ'ಯಂತೆ ವ್ಯಂಜನದಿಂದ ಶುರುವಾದರೆ ನಿಲ್ಲುತ್ತದೆ.

ಒಂದು ಕಡೆ ಮಾತ್ರ ಈ ಸಂಧಿ ಆಗುವುದಿಲ್ಲ. ಎರಡು ಅಂಗಗಳ ಹೆಸರು ಸೇರಿದಾಗ, ಎರಡನೆಯದು ಸ್ವರದಿಂದಲೇ ಶುರುವಾದರೂ ನಡುವಿನ 'ಓ' ಬಹುತೇಕ ಹಾಗೇ ಉಳಿಯುತ್ತದೆ. ಗ್ಯಾಸ್ಟ್ರೋ / ಎಂಟರ್ / ಐಟಿಸ್. ಜಠರ ಮತ್ತು ಕರುಳಿನ ಉರಿಯೂತ. 'ಗ್ಯಾಸ್ಟ್ರೆಂಟರೈಟಿಸ್' ಅಲ್ಲ. ವ್ಯಾಕರಣದ ಮೇಷ್ಟ್ರು ಇದಕ್ಕೆ ಪ್ರಕೃತಿಭಾವ ಅನ್ನುತ್ತಿದ್ದರು. ಒಂದೇ ಪದದಲ್ಲಿ ಎರಡೂ ನಿಯಮ ನೋಡಿ: ಗ್ಯಾಸ್ಟ್ರೋ ಆದ ಮೇಲೆ 'ಓ' ಉಳಿಯಿತು, ಎಂಟರೋ ಆದ ಮೇಲೆ ಬಿತ್ತು. ಈ ಪದವನ್ನು ಇಪ್ಪತ್ತು ಸಲ ಬಿಡಿಸಿ ಕೂಡಿಸಿ. ಬೇರೆ ಇನ್ನೂರು ಪದ ಓದುವುದಕ್ಕಿಂತ ಇದು ಮೇಲು.

ತಲೆಯ ತುಂಡುಗಳಲ್ಲೂ ನಮಗೆ ಲಾಭ ಇದೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಂದೇ ಬೇರಿನ ಭಾಷೆಗಳು. ಸಂಸ್ಕೃತದ ಪದಗಳು ಕನ್ನಡದಲ್ಲಿ ಬೇಕಾದಷ್ಟು ಇವೆ. ಆರೋಗ್ಯ ಇಲ್ಲದಿರುವುದು ಅನಾರೋಗ್ಯ, ಶಾಂತಿ ಇಲ್ಲದಿರುವುದು ಅಶಾಂತಿ. ಸ್ವರದ ಮುಂದೆ 'ಅನ್', ವ್ಯಂಜನದ ಮುಂದೆ 'ಅ'. ಗ್ರೀಕಿನಲ್ಲೂ ಅಷ್ಟೇ: ಅನ್ + ಈಮಿಯಾ = ಅನೀಮಿಯಾ, ಅ + ಪ್ನಿಯಾ = ಅಪ್ನಿಯಾ, ಅಂದರೆ ಉಸಿರು ನಿಲ್ಲುವುದು. 'ಪೆರಿ' ಅಂದರೆ ಪರಿಧಿಯ 'ಪರಿ'. 'ಹೈಪರ್' ನಮ್ಮ 'ಉಪರಿ', 'ಹೈಪೋ' ನಮ್ಮ 'ಉಪ'. 'ಡಿಸ್' ಅಂದರೆ ದುರ್ಗತಿಯ 'ದುರ್'. ದಂತಕ್ಕೆ 'ಡೆಂಟ್', ನಾಸಿಕಕ್ಕೆ 'ನೇಸೋ', ಅಸ್ಥಿಗೆ 'ಆಸ್ಟಿಯೋ'. ಇವನ್ನೆಲ್ಲ ಹೊಸದಾಗಿ ಕಲಿಯುವ ಅಗತ್ಯವೇ ಇಲ್ಲ.

ಆದರೆ ಬಿಡಿಸಿದ ಅರ್ಥವನ್ನೇ ಕಣ್ಣು ಮುಚ್ಚಿ ಬರೆಯಬೇಡಿ. ಅನೀಮಿಯಾ ಬಿಡಿಸಿದರೆ 'ರಕ್ತವಿಲ್ಲ'. ರಕ್ತವೇ ಇಲ್ಲದಿದ್ದರೆ ಮನುಷ್ಯ ಇರುತ್ತಾನಾ? ಕೆಂಪು ರಕ್ತಕಣ ಅಥವಾ ಹಿಮೋಗ್ಲೋಬಿನ್ ಕಡಿಮೆ ಎಂದು ಅರ್ಥ. ಮಲೇರಿಯಾ ಅಂದರೆ ಅಕ್ಷರಶಃ 'ಕೆಟ್ಟ ಗಾಳಿ'. ಸೊಳ್ಳೆಯ ವಿಷಯ ಗೊತ್ತಿಲ್ಲದ ಕಾಲದ ಹೆಸರು. ಬಿಡಿಸಿದ್ದು ಸುಳಿವು ಮಾತ್ರ, ಪಕ್ಕಾ ಅರ್ಥಕ್ಕೆ ಪುಸ್ತಕ ನೋಡಿ.

ಮೂರು 'ಟಮಿ'ಗಳ ಜಗಳ

ಅತಿ ಹೆಚ್ಚು ಅಂಕ ಕಳೆಯುವ ಜಾಗ ಇದು. ದೊಡ್ಡ ಕರುಳನ್ನೇ ಇಟ್ಟುಕೊಳ್ಳಿ: ಕೊಲಾಟಮಿ, ಕೊಲೆಕ್ಟಮಿ, ಕೊಲಾಸ್ಟಮಿ. ಬೇಗ ಹೇಳಿದರೆ ಮೂರೂ ಒಂದೇ ಥರ ಕೇಳಿಸುತ್ತವೆ.

'ಟಮಿ'ಯ ಮೂಲ ಗ್ರೀಕಿನ 'ಟೊಮೆ', ಅಂದರೆ ಕೊಯ್ಯುವುದು. ಆಟಮ್ ಗೊತ್ತಲ್ಲ? 'ಅ' ಸೇರಿ ಕೊಯ್ಯಲಾಗದ್ದು, ತುಂಡು ಮಾಡಲಾಗದ್ದು. ಹಾಗಾಗಿ ಕೊಲಾಟಮಿ ಅಂದರೆ ಕರುಳನ್ನು ಕೊಯ್ದು ತೆರೆಯುವುದು, ಅಷ್ಟೇ. ಅದಕ್ಕೆ 'ಎಕ್' ಸೇರಿದರೆ ಹೊರಗೆ ಎಂದರ್ಥ. ಕೊಲೆಕ್ಟಮಿ ಅಂದರೆ ಕರುಳನ್ನು ಅಥವಾ ಅದರ ಭಾಗವನ್ನು ಕೊಯ್ದು ಹೊರಗೆ ತೆಗೆಯುವುದು. ಮೂರನೆಯದರಲ್ಲಿ ಇರುವುದು 'ಸ್ಟೋಮಾ', ಗ್ರೀಕಿನಲ್ಲಿ ಬಾಯಿ. ಕೊಲಾಸ್ಟಮಿಯಲ್ಲಿ ಕರುಳಿಗೆ ಹೊಟ್ಟೆಯ ಮೇಲೆ ಹೊಸ ಬಾಯಿ ಮಾಡುತ್ತಾರೆ, ಅದು ತೆರೆದೇ ಇರುತ್ತದೆ.

ಕೊಯ್ತ, ಹೊರಗೆ, ಬಾಯಿ. ಕಾರ್ಡಿನ ಮೂಲೆಯಲ್ಲಿ ಈ ಮೂರು ಮಾತು ಬರೆದುಕೊಳ್ಳಿ. ಗೊಂದಲವಾದರೆ ಬಾಲದಲ್ಲಿ 'ಸ್ಟ' ಶಬ್ದ ಇದೆಯೇ ನೋಡಿ. ಇದ್ದರೆ ಬಾಯಿ. 'ಕ್ಟ' ಇದ್ದರೆ ಹೊರಗೆ. ಎರಡೂ ಇಲ್ಲದಿದ್ದರೆ ಬರೀ ಕೊಯ್ತ.

ಇದೇ ಥರದ ಇನ್ನೊಂದು ಮೂವರ ತಂಡ ಗ್ರಾಮ್, ಗ್ರಾಫ್, ಗ್ರಫಿ. ಕೈಗೆ ಬರುವ ಚಿತ್ರ, ಚಿತ್ರ ತೆಗೆಯುವ ಯಂತ್ರ, ತೆಗೆಯುವ ಕೆಲಸ. ಟೆಲಿಗ್ರಾಮ್, ಟೆಲಿಗ್ರಾಫ್ ನೆನಪಿಸಿಕೊಂಡರೆ ಮುಗಿಯಿತು.

ಒಂದೇ ಅಂಗಕ್ಕೆ ಎರಡು ಹೆಸರು

ಮೂತ್ರಪಿಂಡಕ್ಕೆ ಲ್ಯಾಟಿನ್ನಿನ 'ರೀನ್' ಇದೆ, ಗ್ರೀಕಿನ 'ನೆಫ್ರ್' ಇದೆ. ಯಾವುದನ್ನು ಎಲ್ಲಿ ಬಳಸುವುದು? ಬಹುಮಟ್ಟಿಗೆ ಅಂಗರಚನೆಗೆ ಲ್ಯಾಟಿನ್, ಕಾಯಿಲೆಗೆ ಮತ್ತು ಆಪರೇಷನ್ನಿಗೆ ಗ್ರೀಕ್. ಆದ್ದರಿಂದ ರಕ್ತನಾಳದ ಹೆಸರು ರೀನಲ್ ಆರ್ಟರಿ, ಕಾಯಿಲೆ ನೆಫ್ರೈಟಿಸ್. ಎರಡನ್ನೂ ಒಂದೇ ಕಾರ್ಡಿನಲ್ಲಿ ಬರೆಯಿರಿ.

ಕನ್ನಡ ಅಕ್ಷರದ ಬಲೆ

ನೋಟ್ಸ್ ಪೂರ್ತಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರಿದ್ದಾರೆ. ಅರ್ಥ ಕನ್ನಡದಲ್ಲಿ ಬರೆಯಿರಿ, ತುಂಬಾ ಒಳ್ಳೆಯದು. ಪದವನ್ನು ಮಾತ್ರ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲೇ ಬರೆಯಿರಿ. ಕನ್ನಡದಲ್ಲಿ 'ಇಲಿಯಮ್' ಎಂದು ಬರೆದರೆ ಅದು ಸಣ್ಣ ಕರುಳಿನ ಕೊನೆಯ ಭಾಗವೋ ಸೊಂಟದ ಮೂಳೆಯೋ? ವ್ಯತ್ಯಾಸ ಇರುವುದು ನಡುವಿನ ಒಂದೇ ಅಕ್ಷರದಲ್ಲಿ. 'ಇ' ಇದ್ದರೆ ಕರುಳು, 'ಈಟಿಂಗ್'ನ 'ಇ' ಎಂದು ನೆನಪಿಡಿ. 'ಐ' ಇದ್ದರೆ ಮೂಳೆ, 'ಹಿಪ್'ನ 'ಐ'.

ಡಿಸ್ಫೇಜಿಯಾ ಅಂದರೆ ನುಂಗಲು ಕಷ್ಟ, ಡಿಸ್ಫೇಸಿಯಾ ಅಂದರೆ ಮಾತಿನ ತೊಂದರೆ. ಸಿಸ್ಟೋ ಚೀಲ, ಸೈಟೋ ಜೀವಕೋಶ. ಕೈಯನ್ನು ದೇಹದಿಂದ ದೂರ ಒಯ್ಯುವುದು ಅಬ್ಡಕ್ಷನ್, ಹತ್ತಿರ ತರುವುದು ಅಡಕ್ಷನ್. ಇವೆರಡನ್ನು ಜೋರಾಗಿ ಹೇಳುವಾಗ 'ಎ-ಬಿ', 'ಎ-ಡಿ' ಎಂದು ಅಕ್ಷರ ಬಿಡಿಸಿಯೇ ಹೇಳಿ. ನಾಚಿಕೆ ಬೇಡ, ಅನುಭವಸ್ಥರೂ ಹಾಗೆಯೇ ಹೇಳುತ್ತಾರೆ.

ಮೈಯೋ, ಮೈಯೆಲೋ, ಮೈಕೋ ಮಾತ್ರ ಎಲ್ಲರನ್ನೂ ಕಾಡುತ್ತವೆ. ಮೈಯೋ ಸ್ನಾಯು. ಗ್ರೀಕರಿಗೆ ಇಲಿಗೂ ಸ್ನಾಯುವಿಗೂ ಒಂದೇ ಪದ ಇತ್ತು, ಅದು ನಮ್ಮ ಮೂಷಕದ ನೆಂಟ. ತೋಳು ಮಡಚಿದಾಗ ಚರ್ಮದಡಿ ಇಲಿ ಓಡಿದಂತೆ ಕಾಣುವುದಿಲ್ವಾ? ಇಂಗ್ಲಿಷಿನ 'ಮಸಲ್' ಕೂಡ ಲ್ಯಾಟಿನ್ನಿನ 'ಪುಟ್ಟ ಇಲಿ'ಯಿಂದ ಬಂದದ್ದು. ಮೈಯೆಲೋ ಅಂದರೆ ಮೂಳೆಯ ಮಜ್ಜೆ ಅಥವಾ ಬೆನ್ನುಹುರಿ. ಮೈಕೋ ಶಿಲೀಂಧ್ರ.

ಸ್ಪೆಲ್ಲಿಂಗ್ ವಿಚಾರದಲ್ಲಿ ಇನ್ನೆರಡು. ನ್ಯುಮೋನಿಯಾದ ಮೊದಲಿನ 'ಪಿ' ಕೇಳಿಸುವುದಿಲ್ಲ, ಆದರೆ ಅದೇ 'ಪಿಎನ್' ಅಪ್ನಿಯಾದ ನಡುವೆ ಬಂದಾಗ ಕೇಳಿಸುತ್ತದೆ. ಪುಸ್ತಕದ ಇಂಡೆಕ್ಸಿನಲ್ಲಿ ಈಸೋಫೇಗಸ್ 'ಇ' ಕೆಳಗೆ ಸಿಗದಿದ್ದರೆ 'ಓ' ಕೆಳಗೆ ಹುಡುಕಿ. ಅದು ಬ್ರಿಟಿಷ್ ಸ್ಪೆಲ್ಲಿಂಗ್. ನಿಮ್ಮ ಪುಸ್ತಕ ಯಾವುದನ್ನು ಬಳಸಿದೆಯೋ ಅದನ್ನೇ ಬರೆಯಿರಿ, ಎರಡನ್ನೂ ಬೆರೆಸಬೇಡಿ.

ಬಹುವಚನಗಳಿಗೆ ಒಂದು ಸಂಜೆ ಸಾಕು.

ಕಾರ್ಡುಗಳನ್ನು ತಿರುಗಿಸುವ ಕ್ರಮ

ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಜನಪ್ರಿಯ ಮಾಡಿದ ಡಬ್ಬಿಯ ಉಪಾಯ ಇದಕ್ಕೆ ಸಾಕು. ಮೂರು ಡಬ್ಬಿ ಇಡಿ. ಮೊದಲನೆಯದನ್ನು ದಿನಾ ನೋಡಿ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿ ಹೇಳಿದರೆ ಕಾರ್ಡ್ ಮುಂದಿನ ಡಬ್ಬಿಗೆ. ತಪ್ಪಿದರೆ ಎಲ್ಲೇ ಇರಲಿ, ವಾಪಸ್ ಮೊದಲನೆಯದಕ್ಕೆ. "ಗೊತ್ತಿತ್ತು, ಬಾಯಿಗೆ ಬರಲಿಲ್ಲ" ಎಂದು ರಿಯಾಯಿತಿ ಕೊಟ್ಟುಕೊಳ್ಳಬೇಡಿ.

ಕಾರ್ಡಿನಲ್ಲಿ ಇಡೀ ಪದ ಬೇಡ, ತುಂಡು ಬರೆಯಿರಿ. ದಿನದ ಕೊನೆಗೆ ಐದು ಕಾರ್ಡ್ ಎತ್ತಿ ಜೋಡಿಸಿ ಪದ ಕಟ್ಟಿ. ಪುಸ್ತಕದಲ್ಲಿ ಅಂಥ ಪದ ಇದೆಯೇ ನೋಡಿ. ಇಲ್ಲದ ಪದವೂ ಹುಟ್ಟುತ್ತದೆ, ನಗು ಬರುತ್ತದೆ. ಆ ನೆಫ್ರೆಕ್ಟಮಿ ಹುಡುಗಿ ಒಮ್ಮೆ 'ಕಾರ್ಡಿಯೆಕ್ಟಮಿ' ಕಟ್ಟಿದ್ದಳು. "ಹೃದಯ ತೆಗೆದ ಮೇಲೆ ಏನು ಮಾಡೋದು ಮೇಡಂ?" ಎಂದು ಅವಳೇ ಕೇಳಿದಳು. ಅವತ್ತು ಅವಳಿಗೆ ಬಿಡಿಸಲು ಬಂತು ಎಂದು ನನಗೆ ಗೊತ್ತಾಯಿತು.

ಸಂಕ್ಷಿಪ್ತ ರೂಪಗಳು ಕೊನೆಗೆ

ಎಷ್ಟೋ ಜನ ಇವನ್ನೇ ಮೊದಲು ಕಲಿಯುತ್ತಾರೆ, ಚಿಕ್ಕದಾಗಿವೆ ಎಂದು. ಬೇಡ. 'ಎಂಎಸ್' ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು, ಮೈಟ್ರಲ್ ಸ್ಟೆನೋಸಿಸ್ ಇರಬಹುದು, ಮಾರ್ಫಿನ್ ಸಲ್ಫೇಟ್ ಕೂಡ ಇರಬಹುದು. ಒಂದು ನರದ ಕಾಯಿಲೆ, ಒಂದು ಹೃದಯದ ಕವಾಟದ್ದು, ಒಂದು ಔಷಧ. ಪೂರ್ತಿ ಪದ ಗೊತ್ತಿಲ್ಲದವರಿಗೆ ಸಂದರ್ಭ ನೋಡಿ ಆರಿಸಲು ಆಗುವುದಿಲ್ಲ. ಅನುಮಾನ ಬಂದಾಗ ಪೂರ್ತಿಯಾಗಿ ಬರೆಯಿರಿ, ಜಾಗ ಉಳಿಸಲು ಹೋಗಬೇಡಿ.

ಔಷಧದ ಪ್ರಮಾಣ ಬರೆಯುವ ಅಭ್ಯಾಸವನ್ನೂ ಇಲ್ಲೇ ಸರಿ ಮಾಡಿಕೊಳ್ಳಿ. 1.0 ಎಂದು ಬರೆದರೆ ಚುಕ್ಕೆ ಮಾಸಿದಾಗ 10 ಆಗುತ್ತದೆ, ಹತ್ತು ಪಟ್ಟು. ಸುಮ್ನೆ 1 ಎಂದು ಬರೆಯಿರಿ. ಒಂದಕ್ಕಿಂತ ಕಡಿಮೆ ಇದ್ದರೆ ಮುಂದೆ ಸೊನ್ನೆ ಬೇಕೇ ಬೇಕು: .5 ಅಲ್ಲ, 0.5.