ಆರ್‌ಸಿಸಿ ಸೂರಿಗೆ ಹೊಸ ದೀಪ ಹಾಕುವಾಗ ವೈರನ್ನು ಮರೆಮಾಡುವ ಬಗೆ

ಊಟದ ಮೇಜಿನ ಮೇಲೊಂದು ತೂಗುದೀಪ ಬೇಕೆನಿಸುವುದು ಸಾಮಾನ್ಯವಾಗಿ ಮನೆ ಕಟ್ಟಿ ಹಲವು ವರ್ಷಗಳಾದ ಮೇಲೆ. ಅಷ್ಟರಲ್ಲಿ ಮೋಲ್ಡ್ (ಕಂಬಿ ಕಟ್ಟಿ ಕಾಂಕ್ರೀಟು ಸುರಿದ ಆರ್‌ಸಿಸಿ ಸೂರು) ಹಾಕಿ, ಗಾರೆ ಮೆತ್ತಿ, ಎರಡು ಮೂರು ಸಲ ಬಣ್ಣವೂ ಆಗಿರುತ್ತದೆ. ದೀಪ ಬೇಕಾದ ಜಾಗಕ್ಕೆ ಮಾತ್ರ ವೈರು ಹೋಗುವ ಪೈಪು ಇರುವುದಿಲ್ಲ. ಸೂರಿನಲ್ಲೇ ಒಂದು ಗೆರೆ ಕೊರೆದು, ಪೈಪು ಹೂಳಿ, ಸಿಮೆಂಟು ಮೆತ್ತಿಬಿಡೋಣ ಎಂಬ ಸಲಹೆ ಆಗ ಬರುತ್ತದೆ. ಅದಕ್ಕೆ ಒಪ್ಪಬೇಡಿ.

ಸೂರಿನ ತಳಭಾಗದಲ್ಲಿ ಕಂಬಿಯನ್ನು ಮುಚ್ಚಿರುವ ಕಾಂಕ್ರೀಟಿನ ದಪ್ಪ ಸಾಮಾನ್ಯವಾಗಿ 15ರಿಂದ 20 ಮಿ.ಮೀ., ಅದರ ಮೇಲಿನ ಗಾರೆ ಸುಮಾರು 6 ಮಿ.ಮೀ. 20 ಮಿ.ಮೀ. ಪೈಪು ಕೂತು, ಅದರ ಮೇಲೆ ಬಿರುಕು ಬಿಡದಷ್ಟು ಸಿಮೆಂಟು ನಿಲ್ಲಬೇಕಾದರೆ ಕೊರೆತ ಕಂಬಿಯವರೆಗೆ ಹೋಗಲೇಬೇಕು. ಭಾರಕ್ಕೆ ಸೂರು ಕೆಳಕ್ಕೆ ಬಾಗುವಾಗ ಎಳೆತವನ್ನು ತಡೆದುಕೊಳ್ಳುವುದೇ ಆ ತಳದ ಕಂಬಿ. ಅದನ್ನು ತೇವದಿಂದ ಕಾಯುವುದು ನಾವು ಕೊರೆಯಹೊರಟ ಆ ತೆಳು ಪದರ. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹೀಗೆ ಕೊರೆದ ಗೆರೆಯುದ್ದಕ್ಕೂ ಕೆಲವು ಮಳೆಗಾಲಗಳ ನಂತರ ಕಂದು ಕಲೆ ಮೂಡಿತು, ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಮೇಸ್ತ್ರಿ ಅದನ್ನು ಕೆರೆದಾಗ ಕಂಬಿಯ ತುಕ್ಕು ಹಪ್ಪಳದ ಚೂರುಗಳಂತೆ ಪದರಪದರವಾಗಿ ಕೈಗೆ ಬಂದುದನ್ನು ನಾನು ಮರೆತಿಲ್ಲ.

ಹಾಗಾದರೆ ಮೊದಲು ನೋಡಬೇಕಾದುದು ಸೂರಿಗೆ ತಾಗಿರುವ ಫ್ಯಾನಿನ ಕಪ್ಪಿನ ಒಳಗೆ. ಮೋಲ್ಡಿನೊಳಗೆ ಹೂತ ಡಬ್ಬಿ ಅಲ್ಲಿದ್ದರೆ, ಅಲ್ಲಿಂದ ಸ್ವಿಚ್ ಬೋರ್ಡಿನವರೆಗೆ ಸಾಮಾನ್ಯವಾಗಿ ಪೈಪು ಇರುತ್ತದೆ, ಮತ್ತು ಅದರೊಳಗೆ ಜಾಗವಿದ್ದರೆ ದೀಪಕ್ಕೆಂದೇ 1.5 ಚದರ ಮಿ.ಮೀ.ನ ಒಂದು ತಾಮ್ರದ ಫೇಸ್ ವೈರನ್ನು ಬೋರ್ಡಿನ ಹೊಸ ಸ್ವಿಚ್ಚಿನಿಂದ ಎಳೆದುಕೊಳ್ಳಬಹುದು. ರೆಗ್ಯುಲೇಟರ್ ದಾಟಿ ಬಂದ ವೈರಿನಿಂದ ದೀಪಕ್ಕೆ ಕರೆಂಟು ಕೊಡಬಾರದು. ನ್ಯೂಟ್ರಲ್ ಕೂಡ ಅದೇ ಸರ್ಕ್ಯೂಟಿನದಾಗಿರಬೇಕು. ಬೇರೆ ಸರ್ಕ್ಯೂಟಿನಿಂದ ಎರವಲು ತಂದರೆ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸುರಕ್ಷಾ ಸ್ವಿಚ್) ಇರುವ ಮನೆಗಳಲ್ಲಿ ದೀಪ ಹಾಕಿದೊಡನೆ ಆ ಸ್ವಿಚ್ ಟ್ರಿಪ್ ಆಗಿಬಿಡಬಹುದು. ಲೋಹದ ದೀಪವಾದರೆ ಹಸಿರು ಅರ್ಥಿಂಗ್ ವೈರನ್ನು ಬಿಡಲೇಬಾರದು.

ಫ್ಯಾನಿನಿಂದ ದೂರ ಹೆಚ್ಚಾದರೆ ಗೋಡೆಯನ್ನು ಆಶ್ರಯಿಸಿ. ಬೋರ್ಡಿನಿಂದ ನೇರ ಮೇಲಕ್ಕೆ ಗೋಡೆಯನ್ನು ಕಟಿಂಗ್ ಮೆಷಿನ್ನಿನಲ್ಲಿ ಕೊರೆದು ಪೈಪು ಕೂರಿಸಿ, ಗಾರೆ ಮೆತ್ತುವ ಮುನ್ನ ಅದರ ಮೇಲೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆಸಿದರೆ ಆಮೇಲೆ ಬಿರುಕು ಬೀಳುವುದು ಕಡಿಮೆ. ನಾಲ್ಕೂವರೆ ಇಂಚಿನ ಗೋಡೆಯನ್ನು ಅಡ್ಡಡ್ಡಲಾಗಿ ಉದ್ದಕ್ಕೆ ಕೊರೆಯಬಾರದು. ಬೀಮನ್ನೂ ಕಾಲಂ ಅನ್ನೂ ಮುಟ್ಟಲೇಬಾರದು.

ಫ್ಯಾನಿನ ಡಬ್ಬಿಯಿಂದಾಗಲಿ ಗೋಡೆಯಿಂದಾಗಲಿ ದೀಪದವರೆಗೆ ಸೂರಿನ ಮೇಲಿನ ಉಳಿದ ದಾರಿಗೆ, ವೈರನ್ನು ಒಳಗಿಟ್ಟು ಮುಚ್ಚುವ ಮುಕ್ಕಾಲು ಇಂಚಿನ ಪಿವಿಸಿ ಕೇಸಿಂಗ್ ಪಟ್ಟಿಯೇ ಸರಿ. ಅದು ಕಣ್ಣಿಗೆ ಬೀಳುತ್ತದೆಂದು ಹಲವರು ಹಿಂಜರಿಯುತ್ತಾರಾದರೂ, ಪಟ್ಟಿಯನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ ಸೂರಿಗೆ ಬಳಿದ ಬಣ್ಣವನ್ನೇ ಬಳಿದು, ಬೀಮಿನ ಅಂಚಿಗೆ ಅಥವಾ ಗೋಡೆಯ ಮೂಲೆಗೆ ಒತ್ತಿ ಒಯ್ದು, ಕೊನೆಯ ತುಂಡನ್ನು ಮಾತ್ರ ಲಂಬಕೋನದಲ್ಲಿ ದೀಪಕ್ಕೆ ತಿರುಗಿಸಿದರೆ, ಅದು ಕಟ್ಟಡದ್ದೇ ಒಂದು ಗೆರೆಯಂತೆ ಕಾಣುತ್ತದೆ. ಓರೆಯಾಗಿ ಒಯ್ದ ಪಟ್ಟಿಯೇ ಕಣ್ಣಿಗೆ ಚುಚ್ಚುವುದು. ದಾರಕ್ಕೆ ಬಣ್ಣದ ಪುಡಿ ಹಚ್ಚಿ ಗೆರೆ ಹೊಡೆದುಕೊಂಡು, ಒಂದೂವರೆ ಅಡಿಗೊಂದರಂತೆ 6 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಒಂದು ಇಂಚಿಗಿಂತ ತುಸು ಆಳಕ್ಕೆ ತೂತು ಹಾಕಿ, ಪ್ಲಗ್ ಕೂರಿಸಿ ಸ್ಕ್ರೂ ಬಿಗಿಯಿರಿ. ಡ್ರಿಲ್ ಬಿಟ್ ಒಮ್ಮೆಲೇ ಮುಂದೆ ಹೋಗದೆ ಕಿರ್ರೆನ್ನತೊಡಗಿದರೆ ಕಂಬಿ ಸಿಕ್ಕಿದೆಯೆಂದೇ ತಿಳಿಯಿರಿ. ಒತ್ತದೆ, ಒಂದು ಇಂಚು ಪಕ್ಕಕ್ಕೆ ಸರಿಯಿರಿ. ತಲೆಯ ಮೇಲಿನ ಕೆಲಸವಾದ್ದರಿಂದ ಕಣ್ಣಿಗೆ ಕನ್ನಡಕ ಇರಲೇಬೇಕು.

ಇವೆಲ್ಲಕ್ಕೂ ಮುನ್ನ ಕರೆಂಟು ತೆಗೆಯಬೇಕಷ್ಟೆ. ಯುಪಿಎಸ್ ಇರುವ ಮನೆಗಳಲ್ಲಿ ಮೇನ್ ಸ್ವಿಚ್ ಆಫ್ ಮಾಡಿದರೂ ಅದರ ಲೈನಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ, ಅದರಲ್ಲೂ ಫ್ಯಾನು ಮತ್ತು ದೀಪಗಳಿಗೆ. ಆದ್ದರಿಂದ ಯುಪಿಎಸ್ ಅನ್ನೂ ಆಫ್ ಮಾಡಿ, ಟೆಸ್ಟರ್ ಸರಿಯಿದೆಯೇ ಎಂಬುದನ್ನು ಕರೆಂಟು ಇರುವ ಜಾಗದಲ್ಲಿ ಮೊದಲೇ ನೋಡಿಟ್ಟುಕೊಂಡು, ಆಮೇಲೆ ವೈರನ್ನು ಪರೀಕ್ಷಿಸಿ. ಬೋರ್ಡಿನೊಳಗಿನ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೇ ಬಿಡುವುದು ಒಳ್ಳೆಯದು.

ಜಿಪ್ಸಂ ಫಾಲ್ಸ್ ಸೀಲಿಂಗ್ ಹಾಕಿಸುವವರಿಗೆ ವೈರು ಮರೆಮಾಡುವುದು ಸುಲಭ. ಆದರೆ ಅಲ್ಲಿಯೂ ವೈರು ಪೈಪಿನೊಳಗೇ ಇರಬೇಕು, ಭಾರದ ದೀಪ ಹಲಗೆಗಲ್ಲದೆ ಮೋಲ್ಡಿಗೆ ಹೊಡೆದ ಆ್ಯಂಕರ್ ಬೋಲ್ಟಿಗೆ ತೂಗಬೇಕು.

ಮನೆ ಇನ್ನೂ ಕಟ್ಟುತ್ತಿರುವವರು ಸೆಂಟ್ರಿಂಗ್ (ಕಾಂಕ್ರೀಟು ಸುರಿಯಲು ಹಾಕುವ ತಾತ್ಕಾಲಿಕ ಆಸರೆ) ಮೇಲೆ ಕಂಬಿ ಕಟ್ಟಿದ ದಿನವೇ ಊಟದ ಮೇಜು, ಮಂಚ, ಓದುವ ಮೇಜು ಬರುವ ಜಾಗಗಳನ್ನು ಗುರುತಿಸಿ, ಅಲ್ಲೆಲ್ಲ ಡಬ್ಬಿ ಕೂರಿಸಿ, 25 ಮಿ.ಮೀ. ಪೈಪನ್ನು ತಳದ ಕಂಬಿಯ ಮೇಲೆ ಬೈಂಡಿಂಗ್ ವೈರಿನಿಂದ ಕಟ್ಟಿಸಲಿ. ಸಿಮೆಂಟಿನ ಹಾಲು ಇಳಿಯದಂತೆ ಡಬ್ಬಿಯೊಳಗೆ ಹಳೆಯ ಪೇಪರನ್ನು ಗಟ್ಟಿಯಾಗಿ ತುರುಕಿಸಿ, ಕಾಂಕ್ರೀಟು ಸುರಿಯುವ ಮುನ್ನ ಗೋಡೆಯಿಂದ ಪ್ರತಿ ಪೈಪಿಗೂ ಟೇಪು ಹಿಡಿದು, ಅಳತೆ ಕಾಣುವಂತೆ ಫೋಟೋ ತೆಗೆದಿಡಲಿ. ಮುಂದೊಂದು ದಿನ ಸೂರಿಗೆ ತೂತು ಹಾಕುವವರು ಆ ಫೋಟೋ ನೋಡಿಯೇ ಡ್ರಿಲ್ ಎತ್ತಬಹುದು.