ರೆಕ್ಟಿಫೈಯರಿನ ಔಟ್‌ಪುಟ್ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯುವ ಕ್ರಮ

ಕಳೆದ ಮಳೆಗಾಲದಲ್ಲಿ ಉಡುಪಿಯ ಸಮೀಪದ ಒಂದು ಭಜನಾ ಮಂಡಳಿಯವರ ಮೈಕ್ ಆಂಪ್ಲಿಫೈಯರು ನನ್ನ ರಿಪೇರಿ ಮೇಜಿಗೆ ಬಂದಿತ್ತು. ಹಗಲಿನಲ್ಲಿ ಸರಿಯಾಗಿಯೇ ಇರುತ್ತಿದ್ದ ಆ ಸೆಟ್ಟು ಸಂಜೆ ಭಜನೆಗೆ ಕುಳಿತ ಹೊತ್ತಿಗೆ ಗುಂಯ್ಗುಡಲು ತೊಡಗುತ್ತಿತ್ತು. ನನಗಿಂತ ಮೊದಲು ಅದನ್ನು ನೋಡಿದ್ದವರು ಪವರ್ ಸಪ್ಲೈ ಬೋರ್ಡಿನಿಂದ ಲೋಡಿನ (ಸಪ್ಲೈಯಿಂದ ಕರೆಂಟು ಎಳೆಯುವ ಭಾಗದ) ವಯರನ್ನು ಕಳಚಿ, ರೆಕ್ಟಿಫೈಯರಿನ (ದಿಕ್ಕು ಬದಲಿಸುವ ಎಸಿಯನ್ನು ಒಂದೇ ದಿಕ್ಕಿನ ಡಿಸಿಯಾಗಿಸುವ ಭಾಗದ) ಔಟ್‌ಪುಟ್ಟಿನಲ್ಲಿ 22 ವೋಲ್ಟಿಗೂ ಮಿಕ್ಕಿ ಬರುತ್ತಿರುವುದನ್ನು ಕಂಡು, ಸಪ್ಲೈಯಲ್ಲಿ ದೋಷವಿಲ್ಲವೆಂದು ತೀರ್ಮಾನಿಸಿದ್ದರು. ಅವರ ಅಳತೆ ತಪ್ಪಾಗಿರಲಿಲ್ಲ. ಆದರೆ ರೆಕ್ಟಿಫೈಯರಿನ ವಿಷಯದಲ್ಲಿ ಆ ಒಂದು ಅಳತೆಯಿಂದ ಏನನ್ನೂ ತೀರ್ಮಾನಿಸಲಾಗದು. ಡಿಪ್ಲೊಮಾ ಮತ್ತು ಐಟಿಐ ವಿದ್ಯಾರ್ಥಿಗಳು ಇದನ್ನು ಆರಂಭದಲ್ಲಿಯೇ ತಿಳಿದಿರಬೇಕೆಂಬ ಆಸೆಯಿಂದ, ಅದೇ ಸರ್ಕೀಟನ್ನು ಉದಾಹರಣೆಯಾಗಿಟ್ಟುಕೊಂಡು ಅಳೆಯುವ ಕ್ರಮವನ್ನು ಬರೆಯುತ್ತಿದ್ದೇನೆ.

ಸರ್ಕೀಟು ಬಹಳ ಸಾಮಾನ್ಯವಾದದ್ದು: 230 ವೋಲ್ಟಿನಿಂದ 15 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೂಪದಲ್ಲಿ ನಾಲ್ಕು 1ಎನ್4007 ಡಯೋಡ್‌ಗಳು, 2200 ಮೈಕ್ರೋಫ್ಯಾರಡ್ 35 ವೋಲ್ಟಿನ ಒಂದು ಕೆಪಾಸಿಟರ್, ಅದರ ನಂತರ ಏರಿಳಿತವಿಲ್ಲದೆ 12 ವೋಲ್ಟ್ ಕೊಡುವ 7812 ರೆಗ್ಯುಲೇಟರ್. ಲೋಡ್ ಎಳೆಯುವ ಕರೆಂಟು ಸುಮಾರು ಅರ್ಧ ಆಂಪಿಯರ್.

ಮೊದಲು ಮೀಟರನ್ನು ಸಿದ್ಧಪಡಿಸಿಕೊಳ್ಳಬೇಕು. ಕಪ್ಪು ಪ್ರೋಬ್ ಕಾಮನ್ ತೂತಿನಲ್ಲಿ, ಕೆಂಪು ಪ್ರೋಬ್ ವೋಲ್ಟ್-ಓಮ್ ತೂತಿನಲ್ಲಿ ಇದೆಯೇ ಎಂದು ಪ್ರತಿ ಸಲವೂ ಕಣ್ಣಾರೆ ನೋಡಿಕೊಳ್ಳಿ. ಹಿಂದಿನ ದಿನ ಕರೆಂಟ್ ಅಳೆದವರು ಕೆಂಪು ಪ್ರೋಬನ್ನು 10 ಆಂಪಿಯರಿನ ತೂತಿನಲ್ಲಿಯೇ ಬಿಟ್ಟಿದ್ದರೆ, ಮೀಟರು ಔಟ್‌ಪುಟ್ಟಿಗೆ ನೇರ ಶಾರ್ಟ್ ಆಗಿ ಡಯೋಡ್‌ಗಳನ್ನು ಸುಡಬಲ್ಲದು. ನಮ್ಮ ಕರಾವಳಿಯಲ್ಲಿ ಇನ್ನೊಂದು ಮುನ್ನೆಚ್ಚರಿಕೆಯೂ ಬೇಕು: ಮಂಗಳೂರು, ಉಡುಪಿಯ ಉಪ್ಪು ಬೆರೆತ ತೇವದ ಗಾಳಿಗೆ ಪ್ರೋಬಿನ ತುದಿಯೂ ಬೋರ್ಡಿನ ಬೆಸುಗೆಯೂ ಬೇಗನೆ ಕಿಲುಬು ಹಿಡಿಯುವುದರಿಂದ, ಅಂಕಿ ನಿಲ್ಲದೆ ಕುಣಿಯುತ್ತಿದ್ದರೆ ಸರ್ಕೀಟನ್ನು ಶಂಕಿಸುವ ಮೊದಲು ತುದಿಯನ್ನು ಸಣ್ಣ ಮರಳುಕಾಗದದಿಂದ ಉಜ್ಜಿ ನೋಡಬೇಕು.

ಮೊದಲ ಅಳತೆಯನ್ನು ಎಸಿ ರೇಂಜಿನಲ್ಲಿ, ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯ (15 ವೋಲ್ಟ್ ಹೊರಬರುವ ಕಡೆಯ) ಎರಡು ವಯರುಗಳ ನಡುವೆ ತೆಗೆದುಕೊಳ್ಳಿ. ಲೋಡ್ ಇಲ್ಲದಿರುವಾಗ ಇಲ್ಲಿ 15ಕ್ಕೆ ಬದಲಾಗಿ 16 ಅಥವಾ 17 ವೋಲ್ಟ್ ಕಂಡರೆ ಗಾಬರಿ ಬೇಡ. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವ ವೋಲ್ಟೇಜು ಪೂರ್ಣ ಲೋಡಿನಲ್ಲಿ ಸಿಗುವಂಥದ್ದು. 230 ವೋಲ್ಟಿನ ಪ್ರೈಮರಿ ಕಡೆಗೆ ಪ್ರೋಬ್ ಒಯ್ಯುವ ಅಗತ್ಯ ಇಲ್ಲವೇ ಇಲ್ಲ. ಲೋಡಿನಲ್ಲಿ ಸೆಕೆಂಡರಿ 15 ವೋಲ್ಟ್ ತೋರಿಸಿದರೆ ಮನೆಯ ಸಪ್ಲೈ 230ರ ಆಸುಪಾಸಿನಲ್ಲಿದೆ, 13.4 ತೋರಿಸಿದರೆ 205ಕ್ಕೆ ಇಳಿದಿದೆ ಎಂದು ಅನುಪಾತದಿಂದಲೇ ತಿಳಿಯಬಹುದು.

ಇನ್ನು ಮೀಟರನ್ನು ಡಿಸಿಗೆ ತಿರುಗಿಸಿ, ಕೆಂಪು ಪ್ರೋಬನ್ನು ಕೆಪಾಸಿಟರಿನ ಪ್ಲಸ್ ಕಾಲಿಗೂ ಕಪ್ಪನ್ನು ಮೈನಸ್ ಕಾಲಿಗೂ ಹಿಡಿಯಿರಿ. ರೇಂಜನ್ನು ಕೈಯಿಂದ ಆರಿಸುವ ಮೀಟರಾದರೆ 20 ವೋಲ್ಟಿನ ರೇಂಜು ಇಲ್ಲಿ ಸಾಲದು, 200ಕ್ಕೆ ಇಡಬೇಕು. ಏಕೆಂದರೆ ಲೋಡ್ ಇಲ್ಲದಿರುವಾಗ ಕೆಪಾಸಿಟರು ತರಂಗದ ನೆತ್ತಿಯವರೆಗೂ ತುಂಬಿಕೊಳ್ಳುತ್ತದೆ. ಸೆಕೆಂಡರಿ 17 ವೋಲ್ಟ್ ಇದ್ದರೆ ಅದರ ನೆತ್ತಿ 1.414 ಪಟ್ಟು, ಅಂದರೆ 24 ವೋಲ್ಟ್. ಎರಡು ಡಯೋಡ್‌ಗಳು ತಿನ್ನುವ ಒಂದೂಕಾಲು ವೋಲ್ಟನ್ನು ಕಳೆದರೆ 22.8 ಉಳಿಯುತ್ತದೆ. ಕೆಪಾಸಿಟರಿಗೆ 25 ವೋಲ್ಟ್ ಸಾಲದು, 35 ಇರಲಿ ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ. ಅಂಕಿಯ ಹಿಂದೆ ಮೈನಸ್ ಚಿಹ್ನೆ ಬಂದರೆ ಪ್ರೋಬ್‌ಗಳು ಅದಲುಬದಲಾಗಿವೆ. ಪ್ರೋಬ್ ಸರಿಯಾಗಿದ್ದೂ ಮೈನಸ್ ಬಂದರೆ ಡಯೋಡ್‌ಗಳೇ ತಿರುಗುಮುರುಗಾಗಿರಬಹುದು, ಆಗ ತಕ್ಷಣ ಪ್ಲಗ್ ಕೀಳಬೇಕು.

ಹಿಂದಿನ ರಿಪೇರಿಯವರು ಇಲ್ಲಿಗೆ ನಿಲ್ಲಿಸಿದ್ದರು. ನಾಲ್ಕು ಡಯೋಡ್‌ಗಳಲ್ಲಿ ಒಂದು ಸುಟ್ಟು ತೆರೆದುಕೊಂಡಿದ್ದರೂ (ಕರೆಂಟನ್ನು ಹರಿಯಗೊಡದಂತಾಗಿದ್ದರೂ) ಲೋಡ್ ಇಲ್ಲದ ಅಳತೆಯಲ್ಲಿ ಅದು ಕಾಣಿಸುವುದಿಲ್ಲ, ಏಕೆಂದರೆ ಉಳಿದ ಒಂದು ಜೋಡಿ ಡಯೋಡ್‌ಗಳು ಸೆಕೆಂಡಿಗೆ 50 ಸಲ ಕೆಪಾಸಿಟರನ್ನು ತುಂಬುತ್ತಲೇ ಇರುತ್ತವೆ, ಮತ್ತು ಅದನ್ನು ಖಾಲಿಮಾಡುವ ಹಾದಿ ಯಾವುದೂ ಇರುವುದಿಲ್ಲ. ಆದ್ದರಿಂದ ಲೋಡ್ ಕೊಟ್ಟು ಅಳೆಯಲೇಬೇಕು. ಪ್ಲಗ್ ಕಿತ್ತು, ರೆಗ್ಯುಲೇಟರಿಗೆ ಹೋಗುವ ವಯರನ್ನು ಬಿಡಿಸಿ, ಕೆಪಾಸಿಟರಿನ ಎರಡು ಕಾಲುಗಳಿಗೆ 39 ಓಮಿನ, 20 ವ್ಯಾಟಿನ ವಯರ್‌ವೂಂಡ್ ರೆಸಿಸ್ಟರೊಂದನ್ನು ಜೋಡಿಸಿ. ಅದು ಸುಮಾರು 9 ವ್ಯಾಟನ್ನು ಶಾಖವಾಗಿ ಬಿಡುವುದರಿಂದ ಹೆಂಚಿನ ತುಂಡಿನ ಮೇಲಿಡಿ, ಕೈ ತಾಗಿಸಬೇಡಿ. ಈಗ ಡಿಸಿ ರೇಂಜಿನಲ್ಲಿ ಸುಮಾರು 18.7 ವೋಲ್ಟ್ ಬರಬೇಕು. ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಿದ್ದರೆ ಒಂದೆರಡು ವೋಲ್ಟ್ ಕಡಿಮೆ ಬಂದರೂ ದೋಷವಲ್ಲ.

ಆದರೆ ಡಿಸಿ ರೇಂಜು ತೋರಿಸುವುದು ಸರಾಸರಿಯನ್ನು. ಕೆಪಾಸಿಟರಿನ ವೋಲ್ಟೇಜು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತಿರುತ್ತದೆ; ಆ ಏರಿಳಿತವನ್ನೇ ರಿಪ್ಪಲ್ ಎನ್ನುತ್ತೇವೆ. ಕರೆಂಟನ್ನು 100ರಿಂದಲೂ ಕೆಪಾಸಿಟರಿನ ಫ್ಯಾರಡ್ ಬೆಲೆಯಿಂದಲೂ ಭಾಗಿಸಿದರೆ ಅದರ ಎತ್ತರ ಸಿಗುತ್ತದೆ: ನಮ್ಮ ಸರ್ಕೀಟಿನಲ್ಲಿ 0.48 ಆಂಪಿಯರಿಗೆ ಸುಮಾರು 2.2 ವೋಲ್ಟ್. ಒಂದು ಡಯೋಡ್ ತೆರೆದುಕೊಂಡರೆ 100ರ ಜಾಗಕ್ಕೆ 50 ಬಂದು ಎತ್ತರ 4.4 ಆಗುತ್ತದೆ, ಆದರೆ ಸರಾಸರಿ 18.7ರಿಂದ 17.6ಕ್ಕೆ ಮಾತ್ರ ಇಳಿಯುತ್ತದೆ. ಡಿಸಿ ಅಂಕಿಯಲ್ಲಿ ಆಗುವ ಈ ಒಂದು ವೋಲ್ಟಿನ ವ್ಯತ್ಯಾಸವನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಅದೇ ಎರಡು ಬಿಂದುಗಳಲ್ಲಿ ಪ್ರೋಬ್ ಹಿಡಿದುಕೊಂಡೇ ಮೀಟರನ್ನು ಎಸಿಗೆ ತಿರುಗಿಸಿದರೆ, ಸರಿಯಿರುವ ಬ್ರಿಡ್ಜಿನಲ್ಲಿ ಸುಮಾರು 0.6 ವೋಲ್ಟ್, ಕೆಟ್ಟದ್ದರಲ್ಲಿ 1.2ರ ಆಸುಪಾಸು ಬರುತ್ತದೆ. ಕೆಪಾಸಿಟರು ಒಣಗಿ ಅರ್ಧ ಬೆಲೆಗೆ ಇಳಿದಿದ್ದರೂ ಇಷ್ಟೇ ಬರುತ್ತದೆ. ಎರಡರಲ್ಲಿ ಯಾವುದೆಂದು ಗುರುತಿಸಲು ಕೆಪಾಸಿಟರಿನ ಒಂದು ಕಾಲನ್ನು ಬಿಡಿಸಿ, ಲೋಡ್ ಇರುವಂತೆಯೇ ಡಿಸಿ ಅಳೆಯಬೇಕು. ನಾಲ್ಕೂ ಡಯೋಡ್ ಸರಿಯಿದ್ದರೆ 12 ವೋಲ್ಟಿನ ಹತ್ತಿರ, ಒಂದು ಹೋಗಿದ್ದರೆ ಅದರ ಅರ್ಧ.

ಈ ರಿಪ್ಪಲ್ ಅಳತೆಗೆ ಎಲ್ಲ ಮೀಟರುಗಳೂ ಒದಗುವುದಿಲ್ಲ. ನಿಮ್ಮ ಮೀಟರನ್ನು ಎಸಿಯಲ್ಲಿಟ್ಟು 9 ವೋಲ್ಟಿನ ಬ್ಯಾಟರಿಯನ್ನು ಅಳೆದು ನೋಡಿ. ಸೊನ್ನೆ ಬಂದು, ಪ್ರೋಬ್ ತಿರುಗಿಸಿದಾಗಲೂ ಸೊನ್ನೆಯೇ ಉಳಿದರೆ ಅದು ಡಿಸಿಯನ್ನು ತಡೆಯುವ ಮೀಟರು, ನಂಬಬಹುದು. ಒಂದು ಕಡೆ 20ರ ಹತ್ತಿರ, ತಿರುಗಿಸಿದಾಗ ಸೊನ್ನೆ ಬಂದರೆ ಅದರೊಳಗೆ ಒಂದೇ ಡಯೋಡಿನ ಅಗ್ಗದ ಏರ್ಪಾಡಿದೆ. ಡಿಟಿ-830 ಮಾದರಿಯ ಮೀಟರುಗಳಲ್ಲಿ ಇದು ಸಾಮಾನ್ಯ. ಒಂದು ವೋಲ್ಟಿನೊಳಗಿನ ಎಸಿಯನ್ನು ಆ ಡಯೋಡೇ ನುಂಗುವುದರಿಂದ, ಪ್ರೋಬಿಗೆ ಸಾಲಾಗಿ ಕೆಪಾಸಿಟರ್ ಸೇರಿಸಿದರೂ ಅದು ರಿಪ್ಪಲ್ ಅಳೆಯಲಾರದು.

ಭಜನಾ ಮಂಡಳಿಯ ಸೆಟ್ಟಿನಲ್ಲಿ ರಿಪ್ಪಲ್ 1.2 ವೋಲ್ಟ್ ಇತ್ತು, ಕೆಪಾಸಿಟರ್ ಬಿಡಿಸಿದಾಗ ಡಿಸಿ 6 ವೋಲ್ಟ್. ಪ್ಲಗ್ ಕಿತ್ತು, ಮೀಟರನ್ನು ಡಯೋಡ್ ಗುರುತಿಗೆ ತಂದು, ಒಂದೊಂದು ಡಯೋಡಿನ ಒಂದು ಕಾಲನ್ನು ಬಿಡಿಸಿ ಪರೀಕ್ಷಿಸಿದಾಗ ಮೂರು 0.6ರ ಸುತ್ತ ತೋರಿಸಿದವು, ನಾಲ್ಕನೆಯದು ಎರಡೂ ದಿಕ್ಕಿನಲ್ಲಿ ತೆರೆದೇ ಇತ್ತು. ಗುಂಯ್ ಸದ್ದು ಸಂಜೆಗೆ ಮಾತ್ರ ಏಕೆಂಬುದೂ ಇದರಿಂದಲೇ ತಿಳಿಯಿತು. 7812 ಸರಿಯಾಗಿ ದುಡಿಯಲು ಅದರ ಇನ್‌ಪುಟ್ ಯಾವ ಕ್ಷಣದಲ್ಲಿಯೂ ಸುಮಾರು 14.5 ವೋಲ್ಟಿಗಿಂತ ಕೆಳಗಿಳಿಯಬಾರದು. ಹಗಲಿನಲ್ಲಿ ತರಂಗದ ನೆತ್ತಿ 19.8, ತಗ್ಗು 15.4, ಮೂರು ಡಯೋಡಿನಲ್ಲಿಯೂ ಸಾಕಾಗುತ್ತಿತ್ತು. ಸಂಜೆ ಸಪ್ಲೈ 205ಕ್ಕೆ ಕುಸಿದಾಗ ನೆತ್ತಿ 17.5ಕ್ಕೂ ತಗ್ಗು 13ರ ಹತ್ತಿರಕ್ಕೂ ಇಳಿದು, ರೆಗ್ಯುಲೇಟರು ಸೆಕೆಂಡಿಗೆ 50 ಸಲ ಸೋತು, ಆ ಸೋಲೇ ಸ್ಪೀಕರಿನಲ್ಲಿ ಕೇಳುತ್ತಿತ್ತು.

ಬೋರ್ಡಿಗೆ ಕೈಹಾಕುವ ಮೊದಲು ಪ್ರತಿ ಸಲವೂ 1 ಕಿಲೋ ಓಮಿನ ರೆಸಿಸ್ಟರನ್ನು ಕೆಪಾಸಿಟರಿನ ಕಾಲುಗಳಿಗೆ ಹದಿನೈದು ಸೆಕೆಂಡು ಹಿಡಿದು, ಡಿಸಿ ಸೊನ್ನೆಗೆ ಬಂತೇ ಎಂದು ಮೀಟರಿನಲ್ಲಿ ನೋಡಿಕೊಳ್ಳಿ. ಮೊಬೈಲ್ ಚಾರ್ಜರಿನಂಥ ಎಸ್‌ಎಂಪಿಎಸ್‌ಗಳ (ಸ್ವಿಚ್ ಮೋಡ್ ಪವರ್ ಸಪ್ಲೈಗಳ) ರೆಕ್ಟಿಫೈಯರಿಗೆ ಈ ಕ್ರಮವನ್ನು ಅನ್ವಯಿಸಬೇಡಿ. ಅಲ್ಲಿ ಟ್ರಾನ್ಸ್‌ಫಾರ್ಮರಿನ ರಕ್ಷಣೆಯಿಲ್ಲದೆ ನೇರವಾಗಿ 230 ವೋಲ್ಟೇ ಬ್ರಿಡ್ಜಿಗೆ ಬರುವುದರಿಂದ ಕೆಪಾಸಿಟರಿನ ಮೇಲೆ 325 ವೋಲ್ಟ್ ಡಿಸಿ ನಿಂತಿರುತ್ತದೆ.